ಪಾಪ, ಸೌಂದರ್ಯ

ನಮ್ಮ ಬೇತಮಂಗಲದ ಆಟೊ ಸ್ಟ್ಯಾಂಡಿನಲ್ಲಿ ಒಂದು ಪಟವಿದೆ. ಖಾಕಿ ಅಂಗಿ, ಅರ್ಧ ನಗು, ಹಣೆಯ ಮೇಲೆ ಬಿದ್ದ ಕೂದಲು. ಶಂಕರನಾಗ್. ಪ್ರತಿ ವರ್ಷ ನವೆಂಬರ್ 9ರಂದು, ಅವರು ಹುಟ್ಟಿದ ದಿನ, ಆ ಪಟಕ್ಕೆ ಸೇವಂತಿಗೆ ಹಾರ ಬೀಳುತ್ತದೆ. ರಾಜ್ಯೋತ್ಸವದ ಬಾವುಟ, ತೋರಣಗಳನ್ನು ಅಷ್ಟರಲ್ಲಿ ಇನ್ನೂ ಬಿಚ್ಚಿರುವುದಿಲ್ಲವಾದ್ದರಿಂದ ಎರಡೂ ಹಬ್ಬ ಒಂದೇ ಖರ್ಚಿನಲ್ಲಿ ಮುಗಿಯುತ್ತವೆ. ಕೇಸರಿಬಾತು ಹಂಚುತ್ತಾರೆ. ನಿವೃತ್ತ ಮೇಷ್ಟ್ರೆಂದು ನನಗೂ ಒಂದು ದೊನ್ನೆ ಸಲ್ಲುತ್ತದೆ.

ಹಾರ ಹಾಕುವ ಹುಡುಗರಲ್ಲಿ ಹೆಚ್ಚಿನವರು ಶಂಕರನಾಗ್ ಸತ್ತ ಮೇಲೆ ಹುಟ್ಟಿದವರು. 1990ರ ಸೆಪ್ಟೆಂಬರ್ 30ರ ಬೆಳಗ್ಗೆ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಆ ಅಪಘಾತವಾದಾಗ ಇವರ ಅಪ್ಪಂದಿರಿಗೇ ಮೀಸೆ ಮೂಡುತ್ತಿತ್ತು. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಒಮ್ಮೆ ಅವನನ್ನು ಕೇಳಿದೆ: 'ಏನಪ್ಪಾ, ಶಂಕರನಾಗ್ ಸಿನಿಮಾ ಯಾವುದು ನೋಡಿದ್ದೀಯ?' 'ಆಟೋ ರಾಜ ಸಾರ್' ಎಂದ. 'ಒಂದಾನೊಂದು ಕಾಲದಲ್ಲಿ' ನೋಡಿದ್ದೀಯಾ ಎಂದೆ. ನಾನು ಯಾವುದೋ ಕಥೆ ಶುರುಮಾಡಿದೆನೆಂದು ತಿಳಿದು ಅವನು ಕೇಳುತ್ತಾ ನಿಂತ.

ಮೊದಲು ಇಂಥದ್ದಕ್ಕೆಲ್ಲ ನಾನು ನಗುತ್ತಿದ್ದೆ. ಗಿರೀಶ ಕಾರ್ನಾಡರ ಆ ಮೊದಲ ಚಿತ್ರಕ್ಕೇ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನ ಪ್ರಶಸ್ತಿ ಪಡೆದವನನ್ನು, 'ಮಿಂಚಿನ ಓಟ', 'ಆಕ್ಸಿಡೆಂಟ್' ನಿರ್ದೇಶಿಸಿದವನನ್ನು, ಆಗುಂಬೆಯಲ್ಲಿ ಮಾಲ್ಗುಡಿಯನ್ನು ಕಟ್ಟಿ ಇಡೀ ದೇಶದ ದೂರದರ್ಶನಕ್ಕೆ ತೋರಿಸಿದವನನ್ನು ಇವರು 1980ರ ಒಂದು ಸಾಧಾರಣ ಚಿತ್ರದ ಖಾಕಿ ಅಂಗಿಗೆ ಇಳಿಸಿಬಿಟ್ಟರಲ್ಲ ಎಂಬ ಅಸಮಾಧಾನ ಅದು. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಆಟೊ ಓಡಿಸುವವನನ್ನು ಅದಕ್ಕೆ ಮುಂಚೆ ನಮ್ಮ ಸಿನಿಮಾ ಸವಾರಿಯ ಬಾಡಿಗೆ ತೆಗೆದುಕೊಂಡು ಹೊರಟುಹೋಗುವವನಾಗಿ ಮಾತ್ರ ಕಂಡಿತ್ತು. ಒಬ್ಬ ನಾಯಕ ಆ ಸೀಟಿನಲ್ಲಿ ಕುಳಿತು, ಆ ಅಂಗಿಯ ಗುಂಡಿ ಹಾಕಿಕೊಂಡು, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ ಎಂಬಂತೆ ನಕ್ಕ. ಕಸುಬಿನವರು ಅದನ್ನು ಮರೆಯಲಿಲ್ಲ. ಅವರು ನೆನೆಯುತ್ತಿರುವುದು ನಟನೆಯನ್ನಲ್ಲ, ತಮಗೆ ಸಂದ ಮರ್ಯಾದೆಯನ್ನು. ಅದು ತಪ್ಪು ನೆನಪು ಎನ್ನಲು ನಾನು ಯಾರು?

ನಮ್ಮ ಸೀಮೆಯ ಅಭಿಮಾನದ ಲೆಕ್ಕವೇ ಬೇರೆ. ಪಾಲಾರ್‌ ನದಿಗೆ ಕಟ್ಟಿದ ಕೆರೆ ನಮ್ಮದು; ಗಣಿಯ ಊರಿಗೆ ಕುಡಿಯುವ ನೀರು ಇಲ್ಲಿಂದ ಹೋಗುತ್ತಿತ್ತು, ಅಲ್ಲಿಂದ ನಮಗೆ ಸಿನಿಮಾ ಬರುತ್ತಿತ್ತು. ನಾನು ಹುಡುಗನಾಗಿದ್ದಾಗ ಒಂದೇ ಗೋಡೆಯ ಮೇಲೆ ತಮಿಳು, ತೆಲುಗು, ಕನ್ನಡ ಮೂರೂ ಪೋಸ್ಟರುಗಳು. ಒಂದರ ಮೇಲೊಂದು ಅಂಟಿಸಿ ಅಂಟಿಸಿ ಗೋಡೆ ರಗ್ಗಿನಷ್ಟು ದಪ್ಪವಾಗಿರುತ್ತಿತ್ತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆ.ಜಿ.ಎಫ್. ಪೇಟೆಯಲ್ಲಿ ತಮಿಳು ಆಡುವವರಿಗೆ ಸತ್ತ ನಟರೂ ಮೂರು ಭಾಷೆಯವರೇ. 1987ರ ಡಿಸೆಂಬರ್ 24ಕ್ಕೆ ಎಂ.ಜಿ.ಆರ್. ತೀರಿಕೊಂಡರು. ಮಾರನೆಯ ದಿನ ಕ್ರಿಸ್‌ಮಸ್. ಗಣಿ ಕಾರ್ಮಿಕರ ಲೈನುಗಳಲ್ಲಿ ಕಾಗದದ ನಕ್ಷತ್ರ ತೂಗುಹಾಕಿದ್ದ ಬಾಗಿಲುಗಳ ಪಕ್ಕದಲ್ಲೇ ಕಪ್ಪು ಬಟ್ಟೆ ಕಟ್ಟಿದ್ದನ್ನು ನಾನು ಕಂಡಿದ್ದೇನೆ. ಎನ್.ಟಿ.ಆರ್. ಹೋದ 1996ರ ಜನವರಿಯಲ್ಲಿ ನಮ್ಮೂರಿನ ಹಿರಿಯರೊಬ್ಬರು ಮೂರು ದಿನ ಮುಖಕ್ಷೌರ ಮಾಡಿಸಿಕೊಳ್ಳಲಿಲ್ಲ. ಕೇಳಿದರೆ 'ಕೃಷ್ಣನೇ ಹೋದ ಮೇಲೆ' ಎಂದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಅದೇ ವರ್ಷದ ಜುಲೈನಲ್ಲಿ ಶಿವಾಜಿ ಗಣೇಶನ್ ಹೋದರು. ಕೆಲಸ ಕಳೆದುಕೊಂಡ ಜನ ಒಟ್ಟಿಗೆ ಕುಳಿತು ಅಳುವುದಕ್ಕೆ ಅದೊಂದು ಕಾರಣ ಸಿಕ್ಕಿತೇನೋ ಎಂದು ನನಗೆ ಆಗಲೂ ಅನ್ನಿಸಿತ್ತು. 2006ರಲ್ಲಿ ರಾಜಕುಮಾರ್, 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್, 2021ರ ಅಕ್ಟೋಬರ್ 29ಕ್ಕೆ ಪುನೀತ್. ಪುನೀತ್ ಹೋದಾಗ ಮಾತ್ರ ನಮ್ಮ ಮೂರು ಭಾಷೆಗಳ ಗೋಡೆಯಲ್ಲಿ ಒಂದೇ ಮುಖ ಬಹಳ ದಿನ ಉಳಿಯಿತು.

ಇವರನ್ನೆಲ್ಲ ನಾವು ಕರೆಯುವ ರೀತಿ ನೋಡಿ. ರಾಜಕುಮಾರ್ ಅಣ್ಣಾವ್ರು. ಶಂಕರನಾಗ್ ಶಂಕ್ರಣ್ಣ. ಎಂ.ಜಿ.ಆರ್. ವಾದ್ಯಾರ್, ಅಂದರೆ ಮೇಷ್ಟ್ರು. ಎನ್.ಟಿ.ಆರ್. ಅನ್ನಗಾರು. ಪುನೀತ್ ಎಲ್ಲರ ಮನೆಯ ಅಪ್ಪು. ಸತ್ತವರೆಲ್ಲ ನೆಂಟರೇ. ಈ ನೆಂಟಸ್ತನದಲ್ಲಿ ಹೆಂಗಸರಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಅದೂ ನನ್ನ ಹೆಂಡತಿ ಹೇಳಿದ ಮೇಲೆ.

ಬೇತಮಂಗಲದಿಂದ ಉತ್ತರಕ್ಕೆ ಹೋದರೆ ಮುಳಬಾಗಿಲು. ಆ ತಾಲ್ಲೂಕಿನ ಗಂಗಿಕುಂಟೆ ಸೌಂದರ್ಯ ಅವರ ಊರು. ತೆಲುಗಿನವರು ಅವರನ್ನು ತಮ್ಮವರೆಂದೇ ತಿಳಿದಿದ್ದರು. ತಮಿಳರು ರಜನೀಕಾಂತ್ ಜೊತೆಗಿನ 'ಅರುಣಾಚಲಂ', 'ಪಡಯಪ್ಪ' ಚಿತ್ರಗಳಿಂದ ಬಲ್ಲರು. ಹಿಂದಿಯವರಿಗೆ ಟಿ.ವಿ.ಯಲ್ಲಿ ಮತ್ತೆ ಮತ್ತೆ ಬರುವ 'ಸೂರ್ಯವಂಶಂ' ಇದೆ. ಇಷ್ಟೆಲ್ಲ ಆಗುವ ಮುಂಚೆ ಅವರು ವೈದ್ಯಕೀಯ ಓದುತ್ತಿದ್ದ ಹುಡುಗಿ. ಓದು ಬಿಟ್ಟು 1992ರಲ್ಲಿ ಕನ್ನಡದ 'ಗಂಧರ್ವ'ದಿಂದ ಶುರುಮಾಡಿದರು. ಕೋಲಾರ ಜಿಲ್ಲೆಯ ಮಣ್ಣಿನವರು, ನಾಲ್ಕು ಭಾಷೆಯ ಗೋಡೆಗಳ ಮೇಲೆ ಏರಿದವರು. ನಮ್ಮ ಆಟೊ ಸ್ಟ್ಯಾಂಡಿನಲ್ಲಿ ಅವರ ಪಟವಿಲ್ಲ. ಕ್ಷೌರದಂಗಡಿಯಲ್ಲಿ ಒಂದು ಕಾಲಕ್ಕೆ ಇತ್ತು, ಕ್ಯಾಲೆಂಡರಿನಲ್ಲಿ. ವರ್ಷ ಮುಗಿದಾಗ ಕ್ಯಾಲೆಂಡರಿನ ಜೊತೆಗೆ ಹೋಯಿತು.

2004ರ ಏಪ್ರಿಲ್ 17, ಶನಿವಾರ. ಬೆಂಗಳೂರಿನ ಜಕ್ಕೂರಿನಿಂದ ಹಾರಿದ ಪುಟ್ಟ ವಿಮಾನ ಕೆಲವೇ ನಿಮಿಷಗಳಲ್ಲಿ ಕೆಳಗೆ ಬಿದ್ದು ಸುಟ್ಟುಹೋಯಿತು. ಚುನಾವಣೆಯ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟಿದ್ದರು. ಅಣ್ಣ ಅಮರನಾಥ್ ಕೂಡ ಜೊತೆಯಲ್ಲೇ ಹೋದರು. ಬೇಸಿಗೆ ರಜೆ, ನಾನು ಮನೆಯಲ್ಲಿದ್ದೆ. ಮಧ್ಯಾಹ್ನ ಟಿ.ವಿ.ಯಲ್ಲಿ ಸುದ್ದಿ ಬಂದ ಮೇಲೆ ನಮ್ಮ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ನಡುಮನೆಗೆ ಬಂದರು. ಯಾರೂ ಬಾಗಿಲು ತಟ್ಟಲಿಲ್ಲ, ಯಾರೂ ಯಾರನ್ನೂ ಕೂತ್ಕೊಳ್ಳಿ ಎನ್ನಲಿಲ್ಲ. ಸಾವಿನ ಮನೆಗೆ ಬರುವ ಹಾಗೆ ಬಂದು ಕುಳಿತರು. ಒಬ್ಬ ಮುದುಕಿ ಸೆರಗಿನಲ್ಲಿ ಮೂಗು ಒರೆಸಿಕೊಂಡು 'ಮನ ಊರಿ ಅಮ್ಮಾಯಿ' ಎಂದಳು. ನಮ್ಮೂರ ಹುಡುಗಿ. ಸಂಜೆಗೆ ಎದ್ದುಹೋಗಿ ಎಲ್ಲರೂ ಮುದ್ದೆಗೆ ಎಸರಿಟ್ಟರು. ಅಷ್ಟೇ. ಅಂಗಡಿ ಮುಚ್ಚಲಿಲ್ಲ, ಬಸ್ಸು ನಿಲ್ಲಲಿಲ್ಲ, ಯಾರೂ ಹಾರ ತರಲಿಲ್ಲ.

ಆ ರಾತ್ರಿ ನನ್ನ ಹೆಂಡತಿ ಕೇಳಿದ್ದು ಇದು: 'ಏನ್ರೀ, ಶಂಕರನಾಗ್ ಹೋದಾಗ ನೀವೆಲ್ಲ ಮೆರವಣಿಗೆ ಮಾಡಿದ್ರಲ್ಲ, ನಾಳೆ ಏನೂ ಇಲ್ಲವಾ?' ನಾನು ಏನೋ ಸಬೂಬು ಹೇಳಿದೆ. ರಜೆ, ಬಿಸಿಲು, ಹುಡುಗರು ಯಾರೂ ಊರಲ್ಲಿಲ್ಲ. ಅವಳು ಮತ್ತೆ ಕೇಳಲಿಲ್ಲ.

ಅಭಿಮಾನಿ ಸಂಘವೆಂಬುದು ಗಂಡಸರ ಕಾರ್ಖಾನೆ. ಕಟೌಟಿನ ಮೇಲೆ ಹತ್ತಬೇಕು, ರಾತ್ರಿಯೆಲ್ಲ ರಸ್ತೆಯಲ್ಲಿರಬೇಕು, ವಂತಿಗೆ ಎತ್ತಬೇಕು, ಬೇಕಾದರೆ ಜಗಳಕ್ಕೂ ನಿಲ್ಲಬೇಕು. ಸಮಾಧಿ ಎಲ್ಲಿರಬೇಕೆಂಬುದಕ್ಕೂ ಗಂಡು ನಟರಿಗೆ ಮಾತ್ರ ವ್ಯಾಜ್ಯವುಂಟು. ವಿಷ್ಣುವರ್ಧನ್ ಸ್ಮಾರಕ 2023ರಲ್ಲಿ ಮೈಸೂರಿನಲ್ಲಿ ಆದ ಮೇಲೂ, ಬೆಂಗಳೂರಿನ ಅಭಿಮಾನ್ ಸ್ಟುಡಿಯೊದಲ್ಲಿದ್ದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ಕೆಡವಿದಾಗ ಅಭಿಮಾನಿಗಳು ಸಿಡಿದೆದ್ದರು. ಸರಿಯೇ. ಆದರೆ ನಟಿಯ ನೆನಪಿಗೆ ಜಗಳವಾಡುವವರೂ ಇಲ್ಲ. ನಮ್ಮೂರಿನ ಟೂರಿಂಗ್ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಜಾಗ, ನಡುವೆ ಒಂದು ತಡಿಕೆ. ಕೇಕೆ, ಶಿಳ್ಳೆ ಎಲ್ಲ ಈ ಕಡೆ. ಆ ಕಡೆಯಿಂದ ಮೂಗು ಸೀಟುವ ಸದ್ದು ಮಾತ್ರ ಕೇಳುತ್ತಿತ್ತು. ತಡಿಕೆ ಹೋಗಿ ಎಷ್ಟೋ ವರ್ಷಗಳಾದವು, ನೆನಪಿಸಿಕೊಳ್ಳುವುದರಲ್ಲಿ ಅದು ಇನ್ನೂ ನಿಂತಿದೆ.

ಗಂಡಸರು ನಟಿಯರ ಬಗ್ಗೆ ಮಾತಾಡುವುದೇ ಇಲ್ಲವೆಂದಲ್ಲ. ಮಾತಾಡುತ್ತಾರೆ, ಆದರೆ ಸಾವಿನ ಬಗ್ಗೆ. ಟೀ ಅಂಗಡಿಯಲ್ಲಿ ಕಲ್ಪನಾ ಹೆಸರೆತ್ತಿ ನೋಡಿ. 'ಗೆಜ್ಜೆಪೂಜೆ', 'ಶರಪಂಜರ'ದ ಮಾತು ಎರಡನೆಯ ಗುಟುಕಿಗೇ ಮುಗಿದು 1979ರ ಗೋಟೂರಿಗೆ ಬರುತ್ತದೆ. ಮಂಜುಳಾ ಎಂದರೆ 'ಸಂಪತ್ತಿಗೆ ಸವಾಲ್'ನ ಆ ಜಂಬದ ಹುಡುಗಿ ಅರೆಗಳಿಗೆ, ಆಮೇಲೆ 1986ರ ಬೆಂಕಿ. ಸೌಂದರ್ಯ ಎಂದರೆ ವಿಮಾನ. ಎಲ್ಲರ ಹೆಸರಿನ ಹಿಂದೆಯೂ ಒಂದೇ ಬಿರುದು: 'ಪಾಪ'. ಪಾಪ ಕಲ್ಪನಾ, ಪಾಪ ಮಂಜುಳಾ, ಪಾಪ ಸೌಂದರ್ಯ. ಶಂಕರನಾಗ್ 35 ವರ್ಷಕ್ಕೆ ಸತ್ತರೂ 'ಪಾಪ ಶಂಕ್ರಣ್ಣ' ಎಂದು ಯಾರೂ ಅನ್ನುವುದಿಲ್ಲ. ಅವರು ಮಾಡಿದ ಕೆಲಸದ ಪಟ್ಟಿ ಹೇಳುತ್ತಾರೆ, ಇನ್ನೂ ಏನೇನು ಮಾಡಬೇಕೆಂದಿದ್ದರು ಎಂಬುದನ್ನೂ ಹೇಳುತ್ತಾರೆ. ಕನಿಕರ ಒಳ್ಳೆಯದೇ. ಆದರೆ ಕನಿಕರ ಬಂದ ಕಡೆ ಕೆಲಸದ ಮಾತು ಎದ್ದುಹೋಗುತ್ತದೆ.

ಸೌಂದರ್ಯ ವಿಷಯದಲ್ಲಿ ಇನ್ನೊಂದು ಅನ್ಯಾಯವೂ ಸೇರಿಕೊಂಡಿತು. ಅವರು ಸತ್ತ ನಾಲ್ಕು ತಿಂಗಳಿಗೆ 'ಆಪ್ತಮಿತ್ರ' ಬಿಡುಗಡೆಯಾಯಿತು. ಅದೇ ಕಥೆಯನ್ನು ಮಲಯಾಳದಲ್ಲಿ 1993ರಲ್ಲೇ ಮಾಡಿದ್ದರು, ಇಲ್ಲಿ ಪಿ. ವಾಸು ನಿರ್ದೇಶಿಸಿದರು, ದ್ವಾರಕೀಶ್ ನಿರ್ಮಿಸಿದರು. ಹಳೆಯ ಮನೆ, ಬೀಗ ಹಾಕಿದ ಕೋಣೆ, ನಾಗವಲ್ಲಿ ಎಂಬ ನರ್ತಕಿ, ಅವಳೇ ತಾನೆಂದು ನಂಬುವ ಗಂಗಾ. ನಾಗವಲ್ಲಿ ತೆಲುಗಿನವಳು. ನಮ್ಮ ಕಡೆಯವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಸಿಟ್ಟು ಬಂದರೆ ನಮ್ಮ ಮನೆಗಳಲ್ಲೂ ತೆಲುಗೇ ಬರುತ್ತದೆ. ಜನ ಮುಗಿಬಿದ್ದು ನೋಡಿದರು. ನೋಡಿ ಬಂದವರು ಹೇಳಿದ್ದೇನು? 'ಮೈಮೇಲೆ ಬಂದಿತ್ತು ಸಾರ್. ಅದಕ್ಕೇ ಹಾಗಾಯಿತು.' ವಿಷ್ಣುವರ್ಧನ್ 'ಆಪ್ತರಕ್ಷಕ' ತೆರೆಗೆ ಬರುವ ಮುಂಚೆಯೇ ಹೋದಾಗಲಂತೂ ಈ ಮಾತಿಗೆ ಕಾಲು ಬಂತು. ನಾಗವಲ್ಲಿಯ ಶಾಪವೆಂದು ಓದುಬರಹ ಬಲ್ಲವರೂ ಪಿಸುಗುಟ್ಟಿದರು.

ಇದಕ್ಕೆ ನನ್ನ ತಕರಾರಿದೆ. ಗಂಡ ಬೇಡವೆಂದಾಗ ಗಂಗಾ ಬದಲಾಗುವ ದೃಶ್ಯವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ದೆವ್ವವಿಲ್ಲ, ಲೆಕ್ಕಾಚಾರವಿದೆ. ಮೊದಲು ಅರ್ಥವಾಗದವಳ ಹಾಗೆ ನೋಡುತ್ತಾರೆ, ಆಮೇಲೆ ಮುಖದ ಒಂದೊಂದೇ ಭಾಗ ನಿಂತುಹೋಗುತ್ತದೆ. ಕಣ್ಣು ಮಾತ್ರ ಕೆಲಸ ಮಾಡುತ್ತದೆ. ಆ ಚಿತ್ರ ದೆವ್ವದ ಕಥೆಯೂ ಅಲ್ಲ, ಮನೋರೋಗದ ಕಥೆ. ಎರಡೂವರೆ ಗಂಟೆ ಕಷ್ಟಪಟ್ಟು ಅದನ್ನೇ ವಿವರಿಸುತ್ತದೆ. ಗಂಡು ನಟ ಚೆನ್ನಾಗಿ ಮಾಡಿದರೆ ಪ್ರತಿಭೆ, ಸಾಧನೆ. ಹೆಣ್ಣು ಚೆನ್ನಾಗಿ ಮಾಡಿದರೆ ಮೈಮೇಲೆ ಬಂದದ್ದು. ಹನ್ನೆರಡು ವರ್ಷ ಮೂರು ನಾಲ್ಕು ಭಾಷೆಗಳಲ್ಲಿ ದುಡಿದು ಕಲಿತ ಕಸುಬನ್ನು ನಾವು ಒಂದು ದೆವ್ವದ ಖಾತೆಗೆ ಜಮಾ ಮಾಡಿಬಿಟ್ಟೆವು. ಪ್ರೀತಿಯಿಂದಲೇ ಮಾಡಿದೆವು ಎಂಬುದು ಇನ್ನೂ ಕಷ್ಟದ ಮಾತು.

ಅವರ ನಿಜವಾದ ಚಿತ್ರವನ್ನು ನಮ್ಮ ಕಡೆ ಯಾರೂ ನೋಡಲಿಲ್ಲ. ನಾನೂ ಬಂದಾಗ ನೋಡಲಿಲ್ಲ, ಒಪ್ಪಿಕೊಳ್ಳುತ್ತೇನೆ. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ತೆಗೆದ 'ದ್ವೀಪ'. 2002ರಲ್ಲಿ ಬಂತು. ಅದನ್ನು ನಿರ್ಮಿಸಿದವರೂ ಸೌಂದರ್ಯ ಅವರೇ. ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲ ಬಂದದ್ದು ಪತ್ರಿಕೆಯಲ್ಲಿ ಓದಿ, ಪ್ರಶಸ್ತಿ ಚಿತ್ರ ಎಂದರೆ ನಿಧಾನ ಎಂದುಕೊಂಡು ಪುಟ ತಿರುಗಿಸಿದ್ದೆ. ಅವರು ಸತ್ತು ಬಹಳ ದಿನಗಳಾದ ಮೇಲೆ ಒಂದು ಮಧ್ಯಾಹ್ನ ಟಿ.ವಿ.ಯಲ್ಲಿ ಬಂತು. ನಾನೂ ನನ್ನ ಹೆಂಡತಿಯೂ ಕುಳಿತು ನೋಡಿದೆವು.

ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತಿರುವ ಮಲೆನಾಡಿನ ಊರು. ಎಲ್ಲರೂ ಪರಿಹಾರ ತೆಗೆದುಕೊಂಡು ಹೋದ ಮೇಲೂ ಗುಡ್ಡದ ಮೇಲೆ ಉಳಿಯುವ ಒಂದು ಮನೆ: ಮುದುಕ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ಮಳೆ ನಿಲ್ಲುವುದಿಲ್ಲ, ನೀರು ಏರುತ್ತದೆ. ನೆರವಿಗೆ ಬಂದ ಕೃಷ್ಣನೆಂಬ ಹುಡುಗನ ಮೇಲೆ ಗಂಡನಿಗೆ ಅನುಮಾನ. ಸಾವಿರ ಅಡಿ ಕೊರೆಸಿದರೂ ಕೊಳವೆಬಾವಿಯಲ್ಲಿ ಬರೀ ದೂಳು ಕಾಣುವ ಕೋಲಾರದವರು ನಾವು; ನೀರು ಬಂದು ಮನೆ ಮುಳುಗುತ್ತದೆ ಎಂಬುದೇ ನಮಗೆ ಕಥೆಯ ಹಾಗೆ ಕೇಳುತ್ತದೆ. ಕೇಳಿಸಿದ್ದು ನಾಗಿಯ ಓಡಾಟ. ಸೌಂದರ್ಯ ಇಲ್ಲಿ ಅಭಿನಯಿಸುವುದೆಲ್ಲ ಕೈಕಾಲುಗಳಲ್ಲಿ. ಒದ್ದೆ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ನಡೆಯುವುದು, ಒಲೆಯ ಮುಂದೆ ಕುಳಿತುಕೊಳ್ಳುವುದು, ಗಂಡ ಸಿಡುಕಿದಾಗ ಉತ್ತರ ಕೊಡದೆ ಕೈಯ ಕೆಲಸ ಮುಂದುವರಿಸುವುದು. ತೆಲುಗು ಚಿತ್ರಗಳಲ್ಲಿ ಒಂದು ಹಾಡಿಗೆ ನಾಲ್ಕು ಸೀರೆ ಉಟ್ಟವರು ಇವರೇ ಎಂದು ನಂಬುವುದು ಕಷ್ಟ. ಗಂಗಾಳ ಕಣ್ಣಿನ ವಿದ್ಯೆಯನ್ನು ಇಲ್ಲಿ ಪೂರ್ತಿ ಕೆಳಗಿಟ್ಟಿದ್ದಾರೆ. ತೋರಿಸಬಲ್ಲವರು ತೋರಿಸದೆ ಇರುವುದು ಕಲಿತವರಿಗೆ ಮಾತ್ರ ಆಗುವ ಕೆಲಸ.

ಒಂದು ಮಾತು ಇದೆ, ಚಿತ್ರ ಕೆಲವು ಕಡೆ ತನ್ನ ಮಳೆಗೇ ಮರುಳಾಗಿ ನಿಂತುಬಿಡುತ್ತದೆ. ರಾಮಚಂದ್ರ ಹಾಲ್ಕೆರೆಯವರ ಛಾಯಾಗ್ರಹಣ ಅಷ್ಟು ಚೆಂದವಿಲ್ಲದಿದ್ದರೆ ಕಥೆ ಇನ್ನೂ ಚುರುಕಾಗಿ ನಡೆಯುತ್ತಿತ್ತೇನೋ. ಅದು ನನ್ನ ಹಳೆಯ ಮೇಷ್ಟ್ರ ಬುದ್ಧಿ. ಕೊನೆಯಲ್ಲಿ ಮಳೆ ಹಿಂದೆಗೆಯುತ್ತದೆ, ಮನೆ ಉಳಿಯುತ್ತದೆ. ಉಳಿಸಿದವಳು ನಾಗಿ. ಗಣಪ ಮಾತ್ರ ಅದನ್ನು ದೇವರ ದಯೆ ಎನ್ನುತ್ತಾನೆ. ಆಗ ಸೌಂದರ್ಯ ಮುಖದಲ್ಲಿ ಬರುವುದು ಸಿಟ್ಟಲ್ಲ, ಅಳುವೂ ಅಲ್ಲ. ನನ್ನ ಹೆಂಡತಿ ಎದ್ದು ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು. ನಾನು ಏನಾದರೂ ಹೇಳುತ್ತೇನೆಂದು ಕಾದು ಹೋದಳೆಂದು ನನ್ನ ಅನುಮಾನ.

ಕಳೆದ ನವೆಂಬರಿಗೆ ಮುಂಚೆ ಆ ಹಳೆಯ ವಿದ್ಯಾರ್ಥಿಗೆ ಈ ಚಿತ್ರ ನೋಡಲು ಹೇಳಿದೆ. ಫೋನಿನಲ್ಲಿ, ಸವಾರಿ ಇಲ್ಲದ ಹೊತ್ತಿನಲ್ಲಿ, ಮೂರು ನಾಲ್ಕು ಕಂತಿನಲ್ಲಿ ನೋಡಿದನಂತೆ. ಸಿಕ್ಕಾಗ ಮೊದಲ ಮಾತೇ 'ಬಲೇ ಸ್ಲೋ ಸಾರ್.' ಆಮೇಲೆ ಗಾಡಿಯ ಹ್ಯಾಂಡಲ್ ಒರೆಸುತ್ತಾ, 'ಎಲ್ಲಾ ಅವಳು ಮಾಡಿದ್ದು, ಆ ಯಪ್ಪ ದೇವರಿಗೆ ಕೈಮುಗಿದುಬಿಟ್ಟನಲ್ಲ ಸಾರ್' ಎಂದ. ಸ್ವಲ್ಪ ಹೊತ್ತು ಬಿಟ್ಟು, 'ನಮ್ಮಮ್ಮನ ಥರ' ಎಂದ. 'ದ್ವೀಪ'ದ ಮೇಲೆ ನಾನು ಓದಿದ ವಿಮರ್ಶೆಗಳಲ್ಲಿ ಇದಕ್ಕಿಂತ ಒಳ್ಳೆಯದು ಕಡಿಮೆ.

ಸ್ಟ್ಯಾಂಡಿನಲ್ಲಿ ಶಂಕ್ರಣ್ಣನ ಪಕ್ಕ ಇವರ ಪಟವನ್ನೂ ಇಡೋಣವೆಂದು ಅವನೇ ಮಾತೆತ್ತಿದನಂತೆ. ಯಾರೂ ಬೇಡವೆನ್ನಲಿಲ್ಲ. ಯಾವ ಪಟ ಎಂಬಲ್ಲಿ ನಿಂತಿತು. ಮಿಕ್ಕವರಿಗೆ ಒಡವೆ ಹಾಕಿದ, ಕೂದಲು ಕೆದರಿದ ನಾಗವಲ್ಲಿ ಬೇಕು. ಇವನು ನಾಗಿಯ ಪಟ ಪ್ರಿಂಟು ಹಾಕಿಸಿ ತಂದ. ಮಾಸಲು ಸೀರೆ, ಹಣೆಗೆ ಅಂಟಿದ ಒದ್ದೆ ಕೂದಲು. 'ಇದ್ಯಾರು ಅಂತ ಕೇಳ್ತಾರಲ್ಲೋ' ಎಂದರಂತೆ. ಹಬ್ಬ ಎಂದಿನಂತೆ ಮುಗಿಯಿತು, ಕೇಸರಿಬಾತು ಬಂತು.

ಆ ಪಟ ಈಗ ಅವನ ಆಟೊದಲ್ಲೇ ಇದೆ, ಡ್ರೈವರ್ ಸೀಟಿನ ಬೆನ್ನಿಗೆ, ಹಿಂದೆ ಕುಳಿತವರಿಗೆ ಕಾಣುವ ಹಾಗೆ. ಈವರೆಗೆ ಗುರುತು ಹಿಡಿದವರು ಮೂರು ಜನ, ಮೂವರೂ ಹೆಂಗಸರು. ಮೊನ್ನೆ ಕೆ.ಜಿ.ಎಫ್. ಆಸ್ಪತ್ರೆಗೆ ಹೊರಟಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, 'ನಿಮ್ಮಮ್ಮನಾ?' ಎಂದು ಕೇಳಿದರಂತೆ.

'ನೀನೇನಂದೆ?' ಎಂದೆ.

'ಮುಳಬಾಗಿಲು ಕಡೆಯವರು ಅಂದೆ ಸಾರ್' ಎಂದು ಗಾಡಿ ಸ್ಟಾರ್ಟ್ ಮಾಡಿದ.